ಐಡ್ಲಿಂಗ್‌ನಲ್ಲಿ ಕಳೆದ ಮೂರು ವರ್ಷ

ಕಾರು ನಿಂತಲ್ಲೇ ನಿಂತಿತ್ತು, ಎಂಜಿನ್ ಮಾತ್ರ ಓಡುತ್ತಿತ್ತು. ನಾನು ಕಣ್ಣು ಮುಚ್ಚಿ, ಸ್ಟೀರಿಂಗ್ ಚಕ್ರದ ಮೇಲೆ ಎರಡೂ ಕೈಗಳ ಬೆರಳ ತುದಿಗಳನ್ನು ಹಗುರವಾಗಿ ಊರಿ ಕುಳಿತಿದ್ದೆ. ಪಕ್ಕದ ಸೀಟಿನಲ್ಲಿದ್ದ ಹಿರಿಯ ಸಹೋದ್ಯೋಗಿ ಲ್ಯಾಪ್‌ಟಾಪ್‌ನಿಂದ ಎಂಜಿನ್ ವೇಗವನ್ನು ಹತ್ತು ಹತ್ತು ಸುತ್ತಿನಷ್ಟು ಇಳಿಸುತ್ತಿದ್ದರು. ನಿಮಿಷಕ್ಕೆ 700 ಸುತ್ತು, 690, 680. ಕೈಗೆ ಏನೂ ತಿಳಿಯಲಿಲ್ಲ. 670ಕ್ಕೆ ಬಂದಾಗ ಉಂಗುರ ಬೆರಳಿನ ತುದಿಯಲ್ಲಿ ಇರುವೆ ಹರಿದಂತಾಯಿತು. 660ರಲ್ಲಿ ಅದು ಹತ್ತೂ ಬೆರಳಿಗೆ ಹಬ್ಬಿತು. 620ಕ್ಕೆ ಇಳಿಯುವಷ್ಟರಲ್ಲಿ ಮತ್ತೆ ಅಡಗಿತು.

"ಈಗ ಹೇಳು, ಒಂದು ಲಕ್ಷ ಯೂರೋ ಕೊಟ್ಟವರು ಇದನ್ನು ಸಹಿಸಿಕೊಳ್ಳಬೇಕೇ?" ಎಂದು ಅವರು ಕೇಳಿದರು.

2014ರ ಫೆಬ್ರವರಿಯ ಮಾತಿದು. ದಕ್ಷಿಣ ಜರ್ಮನಿಯಲ್ಲಿ, ಕಾರು ಕಂಪನಿಗಳಿಗೆ ಎಂಜಿನ್ ವಿನ್ಯಾಸ ಮಾಡಿಕೊಡುವ ಸಂಸ್ಥೆಯೊಂದರಲ್ಲಿ ನಾನು ಕೆಲಸಕ್ಕಿದ್ದೆ. ಅದರ ಬೆಂಗಳೂರು ಶಾಖೆಯಲ್ಲಿ ಕಂಪ್ಯೂಟರ್ ಮುಂದೆ ಕುಳಿತು ಕಂಪನದ ಲೆಕ್ಕ ಹಾಕುತ್ತಿದ್ದವನನ್ನು 2013ರ ಜನವರಿಯಲ್ಲಿ ಅಲ್ಲಿಗೆ ಕಳುಹಿಸಿದ್ದರು. ನಮ್ಮ ಸಂಸ್ಥೆಯ ಹೆಸರನ್ನೂ ಗ್ರಾಹಕ ಕಂಪನಿಯ ಹೆಸರನ್ನೂ ನಾನು ಬರೆಯುವಂತಿಲ್ಲ. ಕೆಲಸ ಮಾತ್ರ ಹೇಳಬಹುದು: ಒಂದು ಐಷಾರಾಮಿ ಸೆಡಾನ್‌ಗೆ ಮೂರು ಲೀಟರಿನ, ಆರು ಸಿಲಿಂಡರಿನ ಹೊಸ ಪೆಟ್ರೋಲ್ ಎಂಜಿನ್. ನನ್ನ ಪಾಲಿಗೆ ಬಂದದ್ದು ಸದ್ದು ಮತ್ತು ನಡುಕ. ಎಂಜಿನ್ ಎಂದರೆ ಶಕ್ತಿ, ವೇಗ, ಪಿಕಪ್ ಎಂದುಕೊಂಡು ಹೋಗಿದ್ದೆ. ಮೂರು ವರ್ಷಗಳಲ್ಲಿ ನಾನು ಅತಿ ಹೆಚ್ಚು ತಲೆ ಕೆಡಿಸಿಕೊಂಡದ್ದು, ಕಾರು ಸಿಗ್ನಲ್‌ನಲ್ಲಿ ನಿಂತು ಎಂಜಿನ್ ಸುಮ್ಮನೆ ಓಡುತ್ತಿರುವಾಗ, ಅಂದರೆ ಐಡ್ಲಿಂಗ್‌ನಲ್ಲಿ, ಅದು ಹೇಗೆ ವರ್ತಿಸಬೇಕು ಎಂಬುದಕ್ಕೆ.

ಕಾರಣ ಸರಳ. ಕಾರು ಓಡುವಾಗ ಗಾಳಿಯ ಸದ್ದು, ಟೈರಿನ ಸದ್ದು, ರಸ್ತೆಯ ಏರುಪೇರು ಎಲ್ಲ ಸೇರಿ ಎಂಜಿನ್ನಿನ ಎಷ್ಟೋ ದೋಷಗಳನ್ನು ಮುಚ್ಚಿಬಿಡುತ್ತವೆ. ನಿಂತಾಗ ಮುಚ್ಚುವವರು ಯಾರೂ ಇಲ್ಲ. ಗಾಜು ಏರಿಸಿದ, ದಪ್ಪ ಚರ್ಮದ ಸೀಟಿನ ಆ ನಿಶ್ಶಬ್ದ ಕೋಣೆಯಲ್ಲಿ ಒಂದು ಸಣ್ಣ ನಡುಕವೂ ದೊಡ್ಡದಾಗಿ ಕೇಳುತ್ತದೆ. 1989ರಲ್ಲಿ ಜಪಾನಿನ ಲೆಕ್ಸಸ್ ಎಲ್‌ಎಸ್ 400 ಅಮೆರಿಕದ ಮಾರುಕಟ್ಟೆಗೆ ಬಂದಾಗ, ಅದರ ಬಾನೆಟ್ ಮೇಲೆ ಶಾಂಪೇನ್ ಲೋಟಗಳನ್ನು ಗೋಪುರದಂತೆ ಪೇರಿಸಿ ಎಂಜಿನ್ ಓಡಿಸಿ ತೋರಿಸಿದ ಜಾಹೀರಾತು ಜರ್ಮನ್ ಎಂಜಿನಿಯರ್‌ಗಳ ನಿದ್ದೆಗೆಡಿಸಿತ್ತು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಇಪ್ಪತ್ತೈದು ವರ್ಷಗಳ ನಂತರವೂ ಅವರ ಮಾತಿನಲ್ಲಿ ಆ ಲೋಟಗಳು ಬರುತ್ತಿದ್ದವು.

ಸಿಲಿಂಡರ್‌ಗಳ ಸಂಖ್ಯೆ ಏಕೆ ಮುಖ್ಯ ಎಂಬುದು ನನಗೆ ಸರಿಯಾಗಿ ಮನವರಿಕೆಯಾದದ್ದು ಅಲ್ಲೇ. ನಾಲ್ಕು ಸ್ಟ್ರೋಕಿನ ಎಂಜಿನ್‌ನಲ್ಲಿ ಪ್ರತಿ ಸಿಲಿಂಡರ್ ಎರಡು ಸುತ್ತಿಗೆ ಒಮ್ಮೆ ಉರಿಯುತ್ತದೆ. ನಿಮಿಷಕ್ಕೆ 600 ಸುತ್ತು ಎಂದರೆ ಸೆಕೆಂಡಿಗೆ 10 ಸುತ್ತು. ನಾಲ್ಕು ಸಿಲಿಂಡರ್ ಇದ್ದರೆ ಸೆಕೆಂಡಿಗೆ 20 ಪೆಟ್ಟು, ಆರಿದ್ದರೆ 30, ಎಂಟಿದ್ದರೆ 40, ಹನ್ನೆರಡಿದ್ದರೆ 60. ಕಾರಿನ ದೇಹ, ಸೀಟು, ಸ್ಟೀರಿಂಗ್ ಕಂಬ ಇವುಗಳಿಗೆ ತಮ್ಮದೇ ಸಹಜ ಆವೃತ್ತಿಗಳಿವೆ, ಅಂದರೆ ತಟ್ಟಿದರೆ ತಾವಾಗಿಯೇ ಅಲುಗುವ ಲಯ. ಅವುಗಳಲ್ಲಿ ಹೆಚ್ಚಿನವು 20ರಿಂದ 40 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಸಲ) ನಡುವೆ ಬೀಡುಬಿಟ್ಟಿರುತ್ತವೆ. ಎಂಜಿನ್ನಿನ ಪೆಟ್ಟು ಆ ಆವೃತ್ತಿಗೆ ಸರಿಯಾಗಿ ಬಿದ್ದರೆ, ಉಯ್ಯಾಲೆಯನ್ನು ಅದರ ಲಯಕ್ಕೆ ಸರಿಯಾಗಿ ತಳ್ಳಿದಂತೆ ಸಣ್ಣ ಬಲವೂ ದೊಡ್ಡ ಓಲಾಟವಾಗುತ್ತದೆ. ಹನ್ನೆರಡು ಸಿಲಿಂಡರಿನ ಎಂಜಿನ್ 60 ಹರ್ಟ್ಸ್‌ನಲ್ಲಿ ಈ ಗದ್ದಲದ ಓಣಿಯಿಂದ ಆಚೆ ಇರುತ್ತದೆ. 2017ರ ರೋಲ್ಸ್ ರಾಯ್ಸ್ ಫ್ಯಾಂಟಮ್‌ನ 6.75 ಲೀಟರಿನ ವಿ12 (ವಿ ಆಕಾರದಲ್ಲಿ ಎರಡು ಸಾಲಾಗಿ ನಿಂತ ಹನ್ನೆರಡು ಸಿಲಿಂಡರಿನ ಎಂಜಿನ್) ನಿಮಿಷಕ್ಕೆ 1,700 ಸುತ್ತಿನಲ್ಲೇ 900 ನ್ಯೂಟನ್ ಮೀಟರ್ ತಿರುಚುಬಲ ಕೊಡುತ್ತದೆ. ಅಂದರೆ ಅದಕ್ಕೆ ಜೋರಾಗಿ ಸುತ್ತುವ ಅಗತ್ಯವೇ ಬೀಳುವುದಿಲ್ಲ. ನಮಗೆ ಸಿಕ್ಕದ್ದು 30 ಹರ್ಟ್ಸ್, ಓಣಿಯ ನಟ್ಟನಡುವೆ.

ಹಾಗಾದರೆ ಆರನ್ನೇ ಏಕೆ ಹಿಡಿದೆವು? ಒಂದೇ ಸಾಲಿನ ಆರು ಸಿಲಿಂಡರಿನಲ್ಲಿ ಒಂದು ಸೊಗಸಿದೆ. ಸಿಲಿಂಡರಿನೊಳಗೆ ಮೇಲೆ ಕೆಳಗೆ ಓಡುವ ಪಿಸ್ಟನ್ನನ್ನು ತಿರುಗುವ ದಂಡಕ್ಕೆ (ಕ್ರ್ಯಾಂಕ್‌ಶಾಫ್ಟ್‌ಗೆ) ಜೋಡಿಸುವ ಕನೆಕ್ಟಿಂಗ್ ರಾಡ್ ಓರೆಯಾಗಿ ತೂಗುವುದರಿಂದ ಪಿಸ್ಟನ್ ಮೇಲಿನ ಅರ್ಧದಲ್ಲಿ ಚುರುಕಾಗಿಯೂ ಕೆಳಗಿನ ಅರ್ಧದಲ್ಲಿ ನಿಧಾನವಾಗಿಯೂ ಚಲಿಸುತ್ತದೆ. ಈ ವ್ಯತ್ಯಾಸದಿಂದ, ಸುತ್ತಿನ ಎರಡು ಪಟ್ಟು ವೇಗದಲ್ಲಿ ಒಂದು ಬಲ ಹುಟ್ಟುತ್ತದೆ. ನಾಲ್ಕು ಸಿಲಿಂಡರಿನಲ್ಲಿ ಆ ಬಲಗಳು ಒಂದಕ್ಕೊಂದು ಕೂಡಿಕೊಂಡು ಇಡೀ ಎಂಜಿನ್ನನ್ನು ಮೇಲೆ ಕೆಳಗೆ ಕುಲುಕುತ್ತವೆ. ಅದನ್ನು ತಡೆಯಲು ಎದುರುಬದುರು ತಿರುಗುವ ಎರಡು ತೂಕದ ದಂಡಗಳನ್ನು ಹಾಕುವ ಉಪಾಯಕ್ಕೆ ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಪೇಟೆಂಟ್ ಪಡೆದಿದ್ದ. ಸಾಲಿನ ಆರರಲ್ಲಿ ಆ ದಂಡಗಳೇ ಬೇಡ. ಆರು ಪಿಸ್ಟನ್‌ಗಳ ಬಲಗಳು ತಾವಾಗಿಯೇ ಪರಸ್ಪರ ಕಳೆದುಹೋಗುತ್ತವೆ. ಕಾಗದದ ಮೇಲೆ ಮೊದಲ ಸಲ ಆ ಲೆಕ್ಕ ಮಾಡಿ ಕೊನೆಗೆ ಸೊನ್ನೆ ಬಂದಾಗ ಆದ ಖುಷಿ ಇವತ್ತಿಗೂ ನೆನಪಿದೆ.

ಆ ಸೊಗಸಿಗೆ ತೆರಬೇಕಾದ ಬೆಲೆ ಉದ್ದ. ಆರು ಸಿಲಿಂಡರ್ ಸಾಲಾಗಿ ನಿಂತರೆ ಎಂಜಿನ್ ಉದ್ದವಾಗುತ್ತದೆ, ಅಪಘಾತದಲ್ಲಿ ನುಜ್ಜಾಗಿ ಪೆಟ್ಟನ್ನು ತಿನ್ನಬೇಕಾದ ಮುಂಭಾಗದ ಜಾಗ ಕಡಿಮೆಯಾಗುತ್ತದೆ. ಮರ್ಸಿಡಿಸ್ 1997ರಲ್ಲಿ ಸಾಲಿನ ಆರನ್ನು ಬಿಟ್ಟು ವಿ6ಗೆ ಹೋದದ್ದಕ್ಕೆ ಇದೂ ಒಂದು ಕಾರಣ. ವಿ6 ಗಿಡ್ಡ, ವಿ8 ತಯಾರಾಗುವ ಯಂತ್ರಗಳಲ್ಲೇ ಅದನ್ನೂ ತಯಾರಿಸಬಹುದು. ಬಿಎಂಡಬ್ಲ್ಯೂ ಮಾತ್ರ ಪಟ್ಟುಬಿಡದೆ ಸಾಲಿನ ಆರರಲ್ಲೇ ಉಳಿಯಿತು. 2017ರಲ್ಲಿ ಮರ್ಸಿಡಿಸ್ ಕೂಡ ಸಾಲಿನ ಆರಕ್ಕೆ ಮರಳಿತು. ಎಂಜಿನ್ನಿನ ಮುಂಭಾಗದ ಬೆಲ್ಟನ್ನೇ ಕಿತ್ತುಹಾಕಿ, ಎ.ಸಿ. ಕಂಪ್ರೆಸರ್ ಮತ್ತು ನೀರಿನ ಪಂಪನ್ನು 48 ವೋಲ್ಟಿನ ವಿದ್ಯುತ್ತಿನಿಂದ ಓಡಿಸಿ ಅದು ಉದ್ದವನ್ನು ಕಡಿಮೆ ಮಾಡಿತು. ನಮ್ಮ ಯೋಜನೆಗೆ 48 ವೋಲ್ಟಿನ ಹಣ ಸಿಗಲಿಲ್ಲ. ಆದ್ದರಿಂದ ಪ್ರತಿ ಮಿಲಿಮೀಟರಿಗೂ ಜಗಳ. ಸಿಲಿಂಡರಿನ ವ್ಯಾಸ 82.5 ಮಿ.ಮೀ., ಎರಡು ಸಿಲಿಂಡರ್‌ಗಳ ನಡುವೆ ಉಳಿದ ಗೋಡೆ ಎಂಟೂವರೆ ಮಿ.ಮೀ. ಅದರೊಳಗೂ ತಣ್ಣೀರು ಹರಿಯಲು ಒಂದು ಸೀಳು ಬೇಕು. ವ್ಯಾಸ ಹಿಗ್ಗಿಸುವಂತಿಲ್ಲ, ಆದ್ದರಿಂದ ಸ್ಟ್ರೋಕ್, ಅಂದರೆ ಪಿಸ್ಟನ್ ಓಡುವ ದೂರ, 93 ಮಿ.ಮೀ.ಗೆ ಏರಿತು. ಸ್ಟ್ರೋಕ್ ಉದ್ದವಾದಂತೆ ಎಂಜಿನ್ ಎತ್ತರವಾಯಿತು, ಎತ್ತರವಾದಂತೆ ಬಾನೆಟ್ ವಿನ್ಯಾಸ ಮಾಡುವವರು ನಮ್ಮ ಕೋಣೆಗೆ ಬಂದರು.

ಲೀಟರಿನ ಲೆಕ್ಕವನ್ನು ತೀರ್ಮಾನಿಸಿದವರಂತೂ ಎಂಜಿನಿಯರ್‌ಗಳೇ ಅಲ್ಲ. ಚೀನಾದಲ್ಲಿ ಎಂಜಿನ್ ಎರಡೂವರೆ ಲೀಟರ್ ದಾಟಿ ಮೂರು ಲೀಟರಿನೊಳಗಿದ್ದರೆ 12 ಶೇಕಡಾ ಬಳಕೆ ತೆರಿಗೆ, ದಾಟಿದರೆ 25, ನಾಲ್ಕು ಲೀಟರ್ ದಾಟಿದರೆ 40. ಜಗತ್ತಿನ ಅತಿ ದೊಡ್ಡ ಐಷಾರಾಮಿ ಕಾರು ಮಾರುಕಟ್ಟೆಗಳಲ್ಲಿ ಒಂದು ಹೀಗೆ ಗೆರೆ ಎಳೆದಮೇಲೆ 3.2 ಲೀಟರಿನ ಆಸೆ ಯಾರಿಗೂ ಉಳಿಯಲಿಲ್ಲ. ಕಡಿಮೆಯಾದ ಲೀಟರಿನ ಬದಲಿಗೆ, ಸಿಲಿಂಡರಿಗೆ ಹೆಚ್ಚು ಗಾಳಿ ಒತ್ತಿ ತುಂಬುವ ಟರ್ಬೋ ಬಂತು, ಟರ್ಬೋ ಜೊತೆ ಪ್ರತಿ ಪೆಟ್ಟೂ ಬಲವಾಯಿತು, ಪೆಟ್ಟು ಬಲವಾದಷ್ಟೂ ನನ್ನ ಕೆಲಸ ಹೆಚ್ಚಾಯಿತು.

ಎಂಜಿನ್ ಬ್ಲಾಕ್ (ಸಿಲಿಂಡರ್‌ಗಳಿರುವ ಮುಖ್ಯ ಎರಕ) ಯಾವ ಲೋಹದ್ದಾಗಬೇಕು, ಬೀಡು ಎಂಬ ಎರಕದ ಕಬ್ಬಿಣವೋ ಅಲ್ಯೂಮಿನಿಯಮ್ಮೋ, ಎಂಬ ಚರ್ಚೆಯ ಕಾಲಕ್ಕೆ ನಾನು ರಜೆಯ ಮೇಲೆ ಭದ್ರಾವತಿಗೆ ಬಂದಿದ್ದೆ. ಅಪ್ಪ ಅಲ್ಲಿನ ಉಕ್ಕಿನ ಕಾರ್ಖಾನೆಯ ಎರಕದ ವಿಭಾಗದಲ್ಲಿ ದುಡಿದು ನಿವೃತ್ತರಾದವರು. 1918ರಲ್ಲಿ ಮೈಸೂರು ಸಂಸ್ಥಾನ ಕಟ್ಟಲು ತೊಡಗಿದ, ವಿಶ್ವೇಶ್ವರಯ್ಯನವರ ಹೆಸರು ಹೊತ್ತ ಕಾರ್ಖಾನೆ ಅದು. ಅಲ್ಯೂಮಿನಿಯಂ ಬ್ಲಾಕ್ ಆದರೆ ಮೂವತ್ತು ಕಿಲೋಗೂ ಹೆಚ್ಚು ತೂಕ ಉಳಿಯುತ್ತದೆ ಎಂದು ನಾನು ಹೇಳಿದಾಗ ಅವರು ಏನೂ ಹೇಳದೆ ಹಿತ್ತಿಲಿಗೆ ಕರೆದುಕೊಂಡು ಹೋದರು. ಹಳೆಯ ನೀರಿನ ಪಂಪಿನ ಬೀಡಿನ ಚಿಪ್ಪನ್ನೂ, ಮೋಟಾರ್ ಸೈಕಲ್ ಎಂಜಿನ್ನಿನ ಅಲ್ಯೂಮಿನಿಯಂ ಮುಚ್ಚಳವನ್ನೂ ತಂತಿಯಲ್ಲಿ ಕಟ್ಟಿ ಸೀಬೆ ಮರದ ಕೊಂಬೆಗೆ ತೂಗುಹಾಕಿದರು. ಸ್ಪ್ಯಾನರಿನಿಂದ ಬೀಡಿಗೆ ಒಂದು ಪೆಟ್ಟು. ದಡ್ ಎಂದು ಅಲ್ಲಿಗೇ ನಿಂತಿತು. ಅಲ್ಯೂಮಿನಿಯಂಗೆ ಒಂದು ಪೆಟ್ಟು. ದೇವಸ್ಥಾನದ ಗಂಟೆಯ ಹಾಗೆ ಅದರ ಸದ್ದು ಗಾಳಿಯಲ್ಲಿ ಉಳಿಯಿತು.

"ನೋಡಪ್ಪ, ಬೀಡಿನ ಹೊಟ್ಟೆಯಲ್ಲಿ ಮಸಿ ಇರುತ್ತದೆ. ಪೆಟ್ಟನ್ನು ಅದು ತಿಂದುಬಿಡುತ್ತದೆ. ಇದರ ಹೊಟ್ಟೆಯಲ್ಲಿ ಏನಿದೆ?" ಎಂದರು.

ಅವರು ಮಸಿ ಎಂದದ್ದು ಗ್ರಾಫೈಟನ್ನು. ಬೂದು ಬೀಡಿನೊಳಗೆ ಎಲೆ ಎಲೆಯಾಗಿ ಹರಡಿರುವ ಆ ಇಂಗಾಲ ಕಂಪನವನ್ನು ಹೀರಿಕೊಳ್ಳುತ್ತದೆ. ನಮ್ಮ ಪುಸ್ತಕಗಳಲ್ಲಿ ಅದಕ್ಕೆ ಒಂದು ಸಂಖ್ಯೆ ಇದೆ. ಅಪ್ಪನಿಗೆ ಅದು ಕಿವಿಯಿಂದ ಗೊತ್ತಿತ್ತು. ಬೀಡಿನ ಸಾಂದ್ರತೆ ಅಲ್ಯೂಮಿನಿಯಂಗಿಂತ ಎರಡೂವರೆ ಪಟ್ಟಿಗೂ ಹೆಚ್ಚು ಎಂಬುದೂ ಅವರಿಗೆ ಗೊತ್ತಿತ್ತು, ಹೊತ್ತವರಲ್ಲವೇ.

ಕೊನೆಗೆ ಗೆದ್ದದ್ದು ಅಲ್ಯೂಮಿನಿಯಂ. ಮುಂದಿನ ಗಾಲಿಗಳ ಮೇಲೆ ಮೂವತ್ತು ಕಿಲೋ ಹೆಚ್ಚುವರಿ ಭಾರ ಹಾಕಿ, ತಿರುವಿನಲ್ಲಿ ಹಗುರಾಗಿ ತಿರುಗುವ ಕಾರು ಬೇಕೆಂದರೆ ಆಗುವುದಿಲ್ಲ. ಇಂಗಾಲದ ಹೊಗೆಯ ಮಿತಿಯೂ ತೂಕವನ್ನೇ ನೋಡುತ್ತದೆ. ಆದರೆ ಗಂಟೆಯ ಹಾಗೆ ಮೊಳಗುವ ಲೋಹವನ್ನು ಸುಮ್ಮನಿರಿಸಲು ಬ್ಲಾಕಿನ ಪಕ್ಕೆಗಳಿಗೆ ಏಣುಗಳು ಬಂದವು, ಬೇರಿಂಗ್‌ಗಳನ್ನೆಲ್ಲ ಒಟ್ಟಿಗೆ ಹಿಡಿಯುವ ಗಟ್ಟಿ ತಳಪಟ್ಟಿ ಬಂತು, ಸಿಲಿಂಡರ್ ಗೋಡೆಗಳಿಗೆ ಕರಗಿದ ಕಬ್ಬಿಣದ ತೆಳು ಲೇಪ ಬಂತು, ಕೊನೆಗೆ ಇಡೀ ಎಂಜಿನ್ನಿಗೆ ಫೋಮಿನ ಕಂಬಳಿ ಬಂತು. ಉಳಿಸಿದ ತೂಕದಲ್ಲಿ ಏಳು ಕಿಲೋ ಹೀಗೇ ವಾಪಸ್ಸು ಹೋಯಿತು. ತಿಂಗಳ ಕೊನೆಯ ತೂಕದ ಸಭೆಯಲ್ಲಿ ಆ ಏಳು ಕಿಲೋಗೆ ಉತ್ತರ ಕೊಡಬೇಕಾದವನು ನಾನೇ.

ಫೋಮಿನ ಕಂಬಳಿಯ ಕಥೆಯೂ ಹೇಳಬೇಕು. ನೇರವಾಗಿ ಸಿಲಿಂಡರಿನೊಳಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರುಗಳು ಪ್ರತಿ ಸಲ ಮುಚ್ಚುವಾಗ ಚಿಟಿಕೆ ಹೊಡೆದಂತೆ ಟಿಕ್ ಎನ್ನುತ್ತವೆ. ಒತ್ತಡ ಹೆಚ್ಚಿಸಿದರೆ ಇಂಧನ ಇನ್ನೂ ಸಣ್ಣ ಹನಿಗಳಾಗಿ ಒಡೆದು ಹೊಗೆಯ ಕಣಗಳು ಕಡಿಮೆಯಾಗುತ್ತವೆ, ಟಿಕ್ ಮಾತ್ರ ಜೋರಾಗುತ್ತದೆ. ಯುರೋಪಿನಲ್ಲಿ ಇಂಥ ಎಂಜಿನ್‌ಗಳ ಕಣಗಳ ಮಿತಿ 2017ರ ಸೆಪ್ಟೆಂಬರಿನಿಂದ ಕಿಲೋಮೀಟರಿಗೆ 60 ಸಾವಿರ ಕೋಟಿಗೆ, ಅಂದರೆ ಅದುವರೆಗಿನ ಮಿತಿಯ ಹತ್ತನೇ ಒಂದು ಭಾಗಕ್ಕೆ ಇಳಿಯಲಿತ್ತು. ಕಿವಿಗೆ ಹಿತವಾದದ್ದು ಶ್ವಾಸಕೋಶಕ್ಕೆ ಹಿತವಲ್ಲ ಎಂದಾದರೆ ಯಾವುದನ್ನು ಬಿಡಬೇಕು ಎಂಬುದರಲ್ಲಿ ನನಗೆ ಸಂಶಯವಿರಲಿಲ್ಲ. ಒತ್ತಡ ಏರಿಸಿ ಎಂದೆ. ಟಿಕ್ ಅನ್ನು ಮುಚ್ಚಲು ಫೋಮ್ ದಪ್ಪವಾಯಿತು, ದಪ್ಪ ಫೋಮಿನೊಳಗೆ ಟರ್ಬೋ ಬಿಸಿ ಸಿಕ್ಕಿಕೊಂಡಿತು, ಆ ಬಿಸಿಗೆ ಪಕ್ಕದ ವೈರುಗಳ ಹೊದಿಕೆ ಗಡುಸಾಗತೊಡಗಿತು. ಟರ್ಬೋ ಇದ್ದ ಬದಿಯಲ್ಲಿ ಅಂಗೈ ಅಗಲದ ಫೋಮನ್ನು ಕತ್ತರಿಸಿ ತೆಗೆದೆವು. ಆ ಬದಿಯಲ್ಲಿ ಇವತ್ತಿಗೂ ಟಿಕ್ ಸ್ವಲ್ಪ ಹೆಚ್ಚು ಕೇಳುತ್ತದೆ.

ಈಗ ಐಡ್ಲಿಂಗ್‌ಗೆ ಬರುತ್ತೇನೆ. ಆಗ ಯುರೋಪಿನಲ್ಲಿ ಹೊಗೆ ಮತ್ತು ಮೈಲೇಜ್ ಅಳೆಯುತ್ತಿದ್ದ ಪರೀಕ್ಷೆ 1,180 ಸೆಕೆಂಡುಗಳದ್ದು, ಅದರಲ್ಲಿ ಸುಮಾರು ನಾಲ್ಕನೇ ಒಂದು ಭಾಗ ಕಾರು ನಿಂತೇ ಇರುತ್ತಿತ್ತು. ಐಡ್ಲಿಂಗ್ ವೇಗ ಇಳಿಸಿದಷ್ಟೂ ಕುಡಿಯುವ ಪೆಟ್ರೋಲ್ ಕಡಿಮೆ. ಕಂಪನಿ ಮಾರುವ ಎಲ್ಲ ಕಾರುಗಳ ಸರಾಸರಿ ಇಂಗಾಲದ ಡೈಆಕ್ಸೈಡ್ ಕಿಲೋಮೀಟರಿಗೆ 95 ಗ್ರಾಮಿಗೆ ಇಳಿಯಬೇಕು ಎಂಬ ನಿಯಮ ಮುಂದೆ ನಿಂತಿತ್ತು. ಮಿತಿ ದಾಟಿದ ಪ್ರತಿ ಗ್ರಾಮಿಗೆ, ಮಾರಿದ ಪ್ರತಿ ಕಾರಿಗೆ 95 ಯೂರೋ ದಂಡ. ಆದ್ದರಿಂದ ಇಂಧನದ ತಂಡದವರು 560 ಸುತ್ತು ಬೇಕೆಂದರು. ಅಷ್ಟು ಇಳಿಸಿದರೆ ಎರಡು ಪೆಟ್ಟುಗಳ ನಡುವಿನ ಅಂತರ ಹೆಚ್ಚಿ ಕ್ರ್ಯಾಂಕ್‌ಶಾಫ್ಟ್ ಓಡುತ್ತಾ ತಡೆಯುತ್ತಾ ತೂರಾಡತೊಡಗುತ್ತದೆ. ನಾನು 680 ಎಂದೆ. ಆರು ವಾರ ಹಗ್ಗಜಗ್ಗಾಟ ನಡೆದು 600ಕ್ಕೆ ನಿಂತಿತು, ಎ.ಸಿ. ಹಾಕಿದರೆ 650. ಆವೃತ್ತಿಯ ಲೆಕ್ಕದಲ್ಲಿ 30 ಮತ್ತು 32.5 ಹರ್ಟ್ಸ್. ಸ್ಟೀರಿಂಗ್ ಕಂಬದ ಸಹಜ ಆವೃತ್ತಿ 36. ನಡುವೆ ಬೇಕಾದಷ್ಟು ಅಂತರ ಇದೆ ಎಂದು ನಾನೇ ಕಾಗದಕ್ಕೆ ಸಹಿ ಹಾಕಿದ್ದೆ.

ಆ ಲೆಕ್ಕದಲ್ಲಿ ಇದ್ದದ್ದು ಸಾದಾ ಸ್ಟೀರಿಂಗ್ ಚಕ್ರ. ಫೆಬ್ರವರಿಯಲ್ಲಿ ಬಂದ ಪ್ರಯೋಗದ ಕಾರಿಗೆ ಮರದ ಅಂಚಿನ, ಚಳಿಗೆ ಬೆಚ್ಚಗಾಗುವ ತಂತಿ ಸುತ್ತಿದ, ಹೆಚ್ಚಿನ ಗುಂಡಿಗಳಿದ್ದ ಚಕ್ರ ಹಾಕಿದ್ದರು. ಅದರ ತೂಕ ಹೆಚ್ಚು. ತೂಕ ಹೆಚ್ಚಾದಂತೆ ಸಹಜ ಆವೃತ್ತಿ ಇಳಿಯುತ್ತದೆ, 36 ಇದ್ದದ್ದು 33ಕ್ಕೆ ಬಂದು ಕುಳಿತಿತು. ಎ.ಸಿ. ಹಾಕಿದಾಗಿನ ಎಂಜಿನ್ 32.5ರಲ್ಲಿ. ಆ ದಿನ ನನ್ನ ಬೆರಳಿಗೆ ಹರಿದ ಇರುವೆಯ ಹುಟ್ಟು ಹೀಗೆ. ಸಾದಾ ಚಕ್ರ ಕೊಂಡವನಿಗೆ ನಡುಕವಿಲ್ಲ, ದುಬಾರಿ ಚಕ್ರ ಕೊಂಡವನಿಗೆ ಇದೆ. ಐಷಾರಾಮವೇ ಐಷಾರಾಮವನ್ನು ಕೆಡಿಸಿದ್ದು ಕಂಡು ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಎಂಜಿನ್ನನ್ನು ಕಾರಿಗೆ ಹಿಡಿದಿಡುವ ಮೌಂಟಿಂಗ್‌ಗಳನ್ನು ಮೆದು ಮಾಡಿ ನೋಡಿದೆವು. ಐಡ್ಲಿಂಗ್ ನಯವಾಯಿತು, ಆದರೆ ಹಳ್ಳಕ್ಕೆ ಇಳಿಸಿದಾಗ ಎಂಜಿನ್ ಒಳಗೇ ಕುಣಿದು ಕಾರಿನ ಮೂಗು ಎರಡು ಸಲ ತಲೆಯಾಡಿಸಿತು. ವೇಗವನ್ನು 720ಕ್ಕೆ ಏರಿಸಿ 36 ಹರ್ಟ್ಸ್‌ಗೆ ಹಾರಿ ನೋಡಿದೆವು. ಗೇರ್ ಡ್ರೈವ್‌ನಲ್ಲಿದ್ದು ಬ್ರೇಕ್ ತುಳಿದು ನಿಂತಾಗ ಕಾರು ಹಗ್ಗ ಜಗ್ಗುವ ಎತ್ತಿನ ಹಾಗೆ ಮುಂದಕ್ಕೆ ಎಳೆಯತೊಡಗಿತು, ಸಾದಾ ಚಕ್ರದ ಕಾರಿಗೂ ಹೊಸದಾಗಿ ನಡುಕ ಬಂತು. ಡ್ಯಾಶ್‌ಬೋರ್ಡ್ ಹಿಂದಿನ ಅಡ್ಡತೊಲೆಯನ್ನು ಗಟ್ಟಿ ಮಾಡಬಹುದಿತ್ತು. ಅದರ ಅಚ್ಚುಗಳು ಆಗಲೇ ತಯಾರಾಗಿದ್ದವು, ಬದಲಿಸುವ ಖರ್ಚನ್ನು ಕೇಳಿ ಸಭೆ ಮೌನವಾಯಿತು.

ಪರಿಹಾರ ಸಿಕ್ಕಿದ್ದು ಏರ್‌ಬ್ಯಾಗಿನಲ್ಲಿ. ಚಕ್ರದ ನಡುವೆ ಕೂರುವ ಏರ್‌ಬ್ಯಾಗ್ ಪೆಟ್ಟಿಗೆ ಸುಮಾರು ಒಂದು ಕಿಲೋ ತೂಗುತ್ತದೆ. ಅದನ್ನು ಗಟ್ಟಿಯಾಗಿ ಬಿಗಿಯುವ ಬದಲು ಸಣ್ಣ ರಬ್ಬರ್ ಬುಷ್‌ಗಳ ಮೇಲೆ ತೂಗಿಬಿಟ್ಟು, ಆ ರಬ್ಬರನ್ನು 33 ಹರ್ಟ್ಸ್‌ಗೆ ಹೊಂದಿಸಿದರೆ, ಚಕ್ರ ಒಂದು ದಿಕ್ಕಿಗೆ ಅಲುಗಲು ಹೊರಟಾಗ ಏರ್‌ಬ್ಯಾಗ್ ಎದುರು ದಿಕ್ಕಿಗೆ ಅಲುಗಿ ಅದನ್ನು ತಡೆಯುತ್ತದೆ. ಒಂದೇ ಶಿಖರವಾಗಿದ್ದ ಕಂಪನ ಎರಡಾಗಿ ಸೀಳಿ, ಒಂದು 27ರ ಸುಮಾರಿಗೂ ಇನ್ನೊಂದು 40ರ ಸುಮಾರಿಗೂ ಸರಿಯಿತು. ನಡುವಿನ ಕಣಿವೆಯಲ್ಲಿ ನಮ್ಮ ಐಡ್ಲಿಂಗ್. ಇದು ಉದ್ಯಮದಲ್ಲಿ ಬಳಕೆಯಲ್ಲಿದ್ದ ಉಪಾಯವೇ, ನಾವು ಕಂಡುಹಿಡಿದದ್ದಲ್ಲ. ಹೊಸ ತೂಕ ಒಂದು ಗ್ರಾಮೂ ಬೇಡ ಎಂಬುದು ಅದರ ದೊಡ್ಡ ಗುಣ. ಆದರೆ ಏರ್‌ಬ್ಯಾಗಿನ ತಂಡದವರು ಸುಲಭಕ್ಕೆ ಒಪ್ಪಲಿಲ್ಲ. ಹಾರ್ನ್ ಒತ್ತಿದಾಗ ಮೆತ್ತಗೆ ಅನ್ನಿಸುತ್ತದೆ, ಸುತ್ತಲಿನ ಸಂದು ಒಂದೇ ಸಮ ಇರುವುದಿಲ್ಲ, ಸುರಕ್ಷತೆಯ ಪರೀಕ್ಷೆಗಳನ್ನೆಲ್ಲ ಮತ್ತೆ ಮಾಡಬೇಕು. ಅವರು ಹೇಳಿದ್ದರಲ್ಲಿ ಒಂದೂ ಸುಳ್ಳಾಗಿರಲಿಲ್ಲ. ಜೀವ ಉಳಿಸುವ ವಸ್ತುವನ್ನು ನಡುಕ ತಡೆಯಲು ಬಳಸುವಾಗ ಅವರಷ್ಟು ಹಟ ಹಿಡಿಯುವವರು ಬೇಕೇ ಬೇಕು. ಒಪ್ಪಿಗೆ ಬರಲು ಹನ್ನೊಂದು ತಿಂಗಳು ಹಿಡಿಯಿತು.

ಇನ್ನೊಂದು ತೊಡಕಿತ್ತು, ರಬ್ಬರಿನದು. ರಬ್ಬರ್ ಬಿಸಿಯಾದರೆ ಮೆದುವಾಗುತ್ತದೆ, ಮೆದುವಾದರೆ 33ಕ್ಕೆ ಹೊಂದಿಸಿದ್ದು 30ಕ್ಕೋ 29ಕ್ಕೋ ಜಾರುತ್ತದೆ. ಬಿಸಿಲಲ್ಲಿ ನಿಂತ ಕಾರಿನ ಸ್ಟೀರಿಂಗ್ 60 ಡಿಗ್ರಿ ದಾಟುವುದು ಸಾಮಾನ್ಯ. ಬಿಸಿ ಕೋಣೆಯಲ್ಲಿ ಕಾರನ್ನಿಟ್ಟು ಅಳೆದಾಗ, ಹತ್ತಿ ಕುಳಿತ ಮೊದಲ ಏಳೆಂಟು ನಿಮಿಷ, ಎ.ಸಿ. ಒಳಗನ್ನು ತಣಿಸುವವರೆಗೆ, ಆ ನಡುಕ ಅರೆಬರೆಯಾಗಿ ಮರಳುತ್ತಿತ್ತು. ಬೆಲೆಬಾಳುವ ಸಿಲಿಕೋನ್ ರಬ್ಬರ್ ಹಾಕೋಣ ಎಂದು ಕೇಳಿದೆ. ಕೊನೆಯ ಸಭೆಯಲ್ಲಿ ಗ್ರಾಹಕ ಕಂಪನಿಯವರು ಪಟ್ಟಿ ತಿರುವಿ ನೋಡಿದರು. ಯುರೋಪಿನಲ್ಲಿ ಸಿಗ್ನಲ್‌ಗೆ ನಿಂತರೆ ಎಂಜಿನ್ ತಾನೇ ಆರುತ್ತದೆ, ನಡುಕದ ಪ್ರಶ್ನೆಯೇ ಇಲ್ಲ. ಬಿಸಿಲ ನಾಡಿನಲ್ಲಿ ಎ.ಸಿ.ಗಾಗಿ ಎಂಜಿನ್ ಓಡುತ್ತಲೇ ಇರುತ್ತದೆ ನಿಜ, ಆದರೆ ಏಳೆಂಟು ನಿಮಿಷ ಮಾತ್ರ, ಅದೂ ಮರದ ಚಕ್ರದವರಿಗೆ ಮಾತ್ರ. "ಇದನ್ನು ಯಾವ ಗ್ರಾಹಕನೂ ಗುರುತಿಸುವುದಿಲ್ಲ" ಎಂದು ಬರೆದು ಮುಗಿಸಿದರು. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಏಪ್ರಿಲ್ ಮಧ್ಯಾಹ್ನ ನಿಂತವರು ಆ ಸಭೆಯಲ್ಲಿ ನಾನೊಬ್ಬನೇ. ವಾದಿಸಿದೆ, ಸೋತೆ, ಸಹಿ ಹಾಕಿದೆ.

2015ರ ಡಿಸೆಂಬರಿನಲ್ಲಿ ಬೆಂಗಳೂರಿಗೆ ಮರಳಿದೆ. ಬಂದ ತಿಂಗಳಲ್ಲೇ, ಡಿಸೆಂಬರ್ 16ರಂದು, ದಿಲ್ಲಿ ಸುತ್ತಮುತ್ತ 2,000 ಸಿ.ಸಿ. ಮತ್ತು ಅದಕ್ಕಿಂತ ದೊಡ್ಡ ಡೀಸೆಲ್ ಕಾರುಗಳ ನೋಂದಣಿಯನ್ನು ಸುಪ್ರೀಂ ಕೋರ್ಟ್ ತಡೆಯಿತು. ಮುಂದಿನ ಆಗಸ್ಟಿನಲ್ಲಿ ಒಂದು ಶೇಕಡಾ ಸೆಸ್ ಹಾಕಿ ತಡೆ ತೆಗೆದರೂ, ನಮ್ಮ ಎಂಜಿನ್ನಿನ ಡೀಸೆಲ್ ರೂಪಕ್ಕೆ ಭಾರತದಲ್ಲಿ ಇದ್ದ ಯೋಜನೆಗಳೆಲ್ಲ ಆ ಎಂಟು ತಿಂಗಳಲ್ಲಿ ತಲೆಕೆಳಗಾದವು. ಕಬ್ಬಿಣ, ಅಲ್ಯೂಮಿನಿಯಂ ಎಂದು ನಾವು ವರ್ಷಗಟ್ಟಲೆ ತೂಗಿದ್ದೆಲ್ಲ ಒಂದು ಆದೇಶದ ಮುಂದೆ ಹಗುರವಾಗಿತ್ತು.

ಬೆಂಗಳೂರಿನಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಬೇರೆಯೇ ವಿಷಯ. ಜೆ.ಸಿ. ರಸ್ತೆಯ ಹತ್ತಿರ ಒಬ್ಬ ಹಳೆಯ ಮೆಕ್ಯಾನಿಕ್ ಇದ್ದಾರೆ, ವಿದೇಶಿ ಕಾರುಗಳ ಎಂಜಿನ್ ಬಿಚ್ಚುವುದರಲ್ಲಿ ಕೈ ಪಳಗಿದವರು. ಒಂದು ದಿನ ಹೋದಾಗ ಅವರು ಒಂದು ಹತ್ತು ವರ್ಷ ಹಳೆಯ ಕಾರಿನ ಗೇರ್‌ಬಾಕ್ಸ್ ಇಳಿಸಿ ಕುಳಿತಿದ್ದರು. ಕೆಟ್ಟದ್ದು ಗೇರ್‌ಬಾಕ್ಸ್ ಅಲ್ಲ, ಎಂಜಿನ್ನಿನ ಕವಾಟಗಳನ್ನು ಸಮಯಕ್ಕೆ ಸರಿಯಾಗಿ ತೆರೆದು ಮುಚ್ಚಿಸುವ ಟೈಮಿಂಗ್ ಚೈನನ್ನು ಹಾದಿಯಲ್ಲಿ ಹಿಡಿದಿಡುವ ಪ್ಲಾಸ್ಟಿಕ್ ಗೈಡ್. ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಭಾಗ. ಆ ಎಂಜಿನ್‌ನಲ್ಲಿ ಚೈನು ಇದ್ದದ್ದು ಹಿಂದೆ, ಗೇರ್‌ಬಾಕ್ಸ್ ಬದಿಗೆ.

"ಸರ್, ನೀವು ಇಂಥವನ್ನು ಮಾಡುವ ಕಡೆ ಇದ್ದು ಬಂದವರು. ಚೈನನ್ನು ಹಿಂದೆ ಇಡಲು ಹೇಳಿದವರು ಯಾರು? ಸಾವಿರ ರೂಪಾಯಿಯ ಸಾಮಾನಿಗೆ ಮೂರು ದಿನದ ಕೆಲಸ. ಆ ಹುಡುಗನಿಗೆ ಏನೆಂದು ಬಿಲ್ ಕೊಡಲಿ?"

ಹುಡುಗ ಎಂದದ್ದು ಕಾರಿನ ಮಾಲೀಕನನ್ನು. ಮೂರನೆಯ ಕೈಯಿಂದ ಕಾರು ಕೊಂಡು, ಮದುವೆಗಳಿಗೆ ಬಾಡಿಗೆಗೆ ಓಡಿಸುತ್ತಿದ್ದವನು.

ಚೈನನ್ನು ಹಿಂದೆ ಏಕೆ ಇಡುತ್ತಾರೆ ಎಂದು ನನಗೆ ಗೊತ್ತಿತ್ತು. ಸಾಲಿನ ಆರರ ಕ್ರ್ಯಾಂಕ್‌ಶಾಫ್ಟ್ ಉದ್ದ, ಉದ್ದವಾದದ್ದು ಹಿಂಡಿದ ಬಟ್ಟೆಯ ಹಾಗೆ ತಿರುಚಿಕೊಳ್ಳುತ್ತದೆ. 1906ರಲ್ಲಿ ರೋಲ್ಸ್ ರಾಯ್ಸ್ ತನ್ನ ಏಳು ಲೀಟರಿನ ಆರು ಸಿಲಿಂಡರಿನ ಕಾರನ್ನು ತಂದ ಕಾಲದಿಂದಲೂ ಇದೇ ತಲೆನೋವು. ಮುಂದಿನ ತುದಿಯಲ್ಲಿ ತಿರುಚು ಹೆಚ್ಚು, ಹಿಂದೆ ಭಾರವಾದ ಫ್ಲೈವೀಲ್ ಇರುವ ಕಡೆ ಕಡಿಮೆ. ಹಿಂದೆ ಇಟ್ಟ ಚೈನು ಅಲುಗಾಡುವುದು ಕಡಿಮೆ, ಸದ್ದು ಕಡಿಮೆ, ಎಂಜಿನ್ನಿನ ಮೂಗೂ ತಗ್ಗುತ್ತದೆ. ನಮ್ಮ ಎಂಜಿನ್‌ನಲ್ಲೂ ಚೈನು ಹಿಂದೆಯೇ ಇದೆ. ಆ ತೀರ್ಮಾನದ ಸಭೆಯಲ್ಲಿ ಸದ್ದಿನ ಪರವಾಗಿ ಮಾತಾಡಿದವನು ನಾನು. ರಿಪೇರಿಗೆ ಎಷ್ಟು ಗಂಟೆ ಬೇಕು ಎಂಬ ಒಂದು ಸಾಲು ಆ ಕಡತದಲ್ಲಿತ್ತು. ಅದರ ಎದುರು "ವಾರಂಟಿ ಅವಧಿಯಲ್ಲಿ ಸಂಭವ ಕಡಿಮೆ" ಎಂದಿತ್ತು. ನಾವು ಎಲ್ಲರೂ ತಲೆಯಾಡಿಸಿದ್ದೆವು. ಮೊದಲ ಮಾಲೀಕನ ಕಿವಿಗೆ ಸುಖವಾಗಲೆಂದು ಮೂರನೆಯ ಮಾಲೀಕನ ಜೇಬಿಗೆ ಕೈ ಹಾಕುತ್ತಿದ್ದೇವೆ ಎಂದು ಯಾರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಮೆಕ್ಯಾನಿಕ್‌ಗೆ ನಿಜ ಹೇಳಿದೆ. ಅವರು ಬೇಸರಪಡಲಿಲ್ಲ. ಚೈನಿನ ಗೈಡನ್ನು ಬಟ್ಟೆಯಲ್ಲಿ ಒರೆಸಿ ನನ್ನ ಕೈಗೆ ಕೊಟ್ಟು, "ಇದನ್ನು ಸ್ವಲ್ಪ ದಪ್ಪ ಮಾಡಿಸಿ ಸರ್, ಅಷ್ಟು ಸಾಕು" ಎಂದರು. ಆ ತುಂಡು ಈಗಲೂ ನನ್ನ ಕಚೇರಿಯ ಮೇಜಿನ ಮೇಲಿದೆ. ಆಮೇಲಿನ ಎರಡು ಯೋಜನೆಗಳಲ್ಲಿ ಗೈಡಿನ ದಪ್ಪದ ಚರ್ಚೆ ಬಂದಾಗ ಅದನ್ನು ಎಲ್ಲರ ಕೈಗೂ ಕೊಟ್ಟಿದ್ದೇನೆ. ಒಂದರಲ್ಲಿ ದಪ್ಪವಾಯಿತು.

2018ರ ಏಪ್ರಿಲಿನಲ್ಲಿ ಪರಿಚಯದವರೊಬ್ಬರು ನಮ್ಮ ಎಂಜಿನ್ ಇರುವ ಕಾರು ಕೊಂಡರು. ಮರದ ಚಕ್ರದ್ದೇ. ಶಿವಮೊಗ್ಗದಲ್ಲಿ ಅವರ ಮನೆಯ ಮದುವೆಯಿತ್ತು, ಅಲ್ಲಿಂದ ಭದ್ರಾವತಿಗೆ ಬಂದವರು ಅಪ್ಪನನ್ನು ಒಮ್ಮೆ ಕೂರಿಸಿ ತೋರಿಸು ಎಂದು ಕೀಲಿ ನನ್ನ ಕೈಗಿತ್ತರು. ಮಧ್ಯಾಹ್ನ ಎರಡು ಗಂಟೆ. ಕಾರು ಬೆಳಗಿನಿಂದ ಬಿಸಿಲಲ್ಲಿ ನಿಂತಿತ್ತು. ಅಪ್ಪ ಮೊದಲು ಬಾನೆಟ್ ತೆಗೆಸಿದರು. ಫೋಮಿನ ಮೇಲೆ ಬೆರಳು ಒತ್ತಿ ನೋಡಿದರು, ಏನೂ ಹೇಳಲಿಲ್ಲ. ಆಮೇಲೆ ಚಾಲಕನ ಸೀಟಿನಲ್ಲಿ ಕುಳಿತರು. ನಾನು ಪಕ್ಕದಲ್ಲಿ ಕುಳಿತು ಎಂಜಿನ್ ಚಾಲೂ ಮಾಡಿಸಿದೆ. ಅವರು ಸ್ಟೀರಿಂಗ್ ಹಿಡಿದು ಸುಮ್ಮನೆ ಎದುರಿನ ಗೋಡೆ ನೋಡುತ್ತಿದ್ದರು. ಎ.ಸಿ. ಹಾಕಿದೆ.

ಸೂಜಿ 650ಕ್ಕೆ ಏರಿತು. ಅಪ್ಪ ಎಡಗೈ ತೆಗೆದು, ಅಂಗೈಯನ್ನು ಪಂಚೆಗೆ ಒರೆಸಿಕೊಂಡು, ಮತ್ತೆ ಚಕ್ರದ ಮೇಲೆ ಇಟ್ಟರು.

"ಇದರಲ್ಲಿ ಏನೋ ಸಣ್ಣಗೆ ಗುನುಗುತ್ತಿದೆಯಲ್ಲ" ಎಂದರು.

ಎ.ಸಿ. ಆರಿಸಿದೆ. ಅವರು ಇಲ್ಲ ಎಂಬಂತೆ ತಲೆಯಾಡಿಸಿದರು. ಮತ್ತೆ ಹಾಕಿದೆ. ಬಂತು ಎಂದು ಹುಬ್ಬು ಏರಿಸಿದರು. ನಾನು ಗಡಿಯಾರ ನೋಡಿಕೊಂಡೆ. ತಣ್ಣನೆಯ ಗಾಳಿ ನಿಧಾನವಾಗಿ ಚಕ್ರದ ಮೇಲೆ ಹರಿಯತೊಡಗಿತು. ಅವರು ಕೈ ತೆಗೆಯಲಿಲ್ಲ. ಎಂಟನೆಯ ನಿಮಿಷಕ್ಕೆ, "ಈಗ ಹೋಯಿತು" ಎಂದರು.